ಒಂದನೇ ತೂಬು

ಹಲಗೆಯ ಮೇಲೆ ಓಡುತ್ತಿದ್ದ ತನ್ನ ಕೈ ನಿಂತುಬಿಟ್ಟಿದೆ ಎನ್ನುವುದು ಮುಕ್ತಾಳಿಗೆ ಮೊದಲು ತಿಳಿಯಲಿಲ್ಲ. ಬೆನ್ನ ಹಿಂದೆ ಪೆನ್ನುಗಳ ಸದ್ದೂ ನಿಂತು, ಯಾರೋ ಒಬ್ಬಳು ಸಣ್ಣಗೆ ಕೆಮ್ಮಿದಾಗ ತಿಳಿಯಿತು. ಹಲಗೆಯ ಎಡಕ್ಕೆ ಪ್ಯಾಸ್ಕಲ್ ಭಾಷೆಯ ಹಳೆಯ ಪ್ರೋಗ್ರಾಮು. ಬಲಕ್ಕೆ, ಅದನ್ನೇ ಪೈಥಾನ್ ಭಾಷೆಗೆ ತರುತ್ತಿದ್ದ ಅರ್ಧಂಬರ್ಧ ಸಾಲುಗಳು. ಏಳು ಜನರಲ್ಲಿ ಮೂವರನ್ನು ಎಷ್ಟು ಬಗೆಯಲ್ಲಿ ಆರಿಸಬಹುದೋ ಅಷ್ಟನ್ನೂ ಒಂದೊಂದಾಗಿ ಹುಡುಕಿ ಕೊಡುವ ಪ್ರೋಗ್ರಾಮು ಅದು. ಒಬ್ಬನನ್ನು ಹಿಡಿದುಕೊಳ್ಳುತ್ತದೆ, ಅವನ ಮುಂದಿನವರಲ್ಲಿ ಇನ್ನಿಬ್ಬರನ್ನು ಆರಿಸಲು ತನ್ನನ್ನೇ ತಾನು ಮತ್ತೆ ಕರೆದುಕೊಳ್ಳುತ್ತದೆ, ಅದು ಮುಗಿದ ಮೇಲೆ ಹಿಡಿದವನನ್ನು ಬಿಟ್ಟು ಮುಂದಿನವನನ್ನು ಹಿಡಿಯುತ್ತದೆ. ವರ್ಷವೂ ಕಲಿಸುವ ಪಾಠ. ಮುದ್ದೇಬಿಹಾಳದಲ್ಲಿ ಕಲಿಸಿದ್ದಳು, ಬಸವನ ಬಾಗೇವಾಡಿಯಲ್ಲಿ, ಸಿಂದಗಿಯಲ್ಲಿ. ಅತಿಥಿ ಉಪನ್ಯಾಸಕಿಗೆ ವರ್ಷಕ್ಕೊಂದು ಊರು, ಈ ವರ್ಷ ಇಂಡಿ, ಹಲಗೆ ಬೇರೆ, ಪಾಠ ಅದೇ. ಬಾಯಿ ತನ್ನಷ್ಟಕ್ಕೆ ತಾನು ಹೇಳುತ್ತಿತ್ತು: "ಹಳೇದರಾಗ ಪಟ್ಟಿಯ ಮೊದಲನೇ ಹೆಸರಿಗೆ ಒಂದು ಅಂತ ನಂಬರ. ಪೈಥಾನಿನಾಗ ಮೊದಲನೇದಕ್ಕ ಸೊನ್ನೆ. ಅದಕ್ಕ ಕಡೀ ಸಾಲಿನಾಗ, ಎಲ್ಲಿಂದ ಶುರು ಮಾಡಬೇಕು ಅಂತ ಹೇಳೋವಾಗ, ಈ ಒಂದನ್ನ ಸೊನ್ನೆ ಮಾಡೋದು ಮರೀಬಾರದು. ಮರೆತರ..." ಅಲ್ಲಿ ನಿಂತಿದ್ದಳು. ಮರೆತರೆ ಮೊದಲನೆಯವನು ಯಾವ ಗುಂಪಿನಲ್ಲೂ ಬರುವುದಿಲ್ಲ. ಪ್ರೋಗ್ರಾಮು ನಿಲ್ಲುವುದಿಲ್ಲ, ತಪ್ಪು ಎಂದು ಕೂಗುವುದಿಲ್ಲ, ಉಳಿದವರನ್ನು ಅಚ್ಚುಕಟ್ಟಾಗಿ ಆರಿಸುತ್ತ ಹೋಗುತ್ತದೆ, ಆ ಒಬ್ಬ ಇದ್ದನೆನ್ನುವುದೇ ಸುಳ್ಳೆನ್ನುವಂತೆ. "ಮರೆತರ ಏನಾಗ್ತೈತ್ರಿ ಮ್ಯಾಡಂ?" ಎಂದಳು ಕೆಮ್ಮಿದ ಹುಡುಗಿ. ಮುಕ್ತಾ ಅವಳ ಕಡೆ ತಿರುಗಿದಳು. ಹುಡುಗಿಯ ಮುಖದ ಜಾಗದಲ್ಲಿ ಇನ್ನೊಂದು ಮುಖ ಕಂಡಿತು: ಬಿಸಿಲಿಗೆ ಕಪ್ಪಾದ, ಹಣೆ ತುಂಬ ವಿಭೂತಿಯ, ಸಭೆಯ ನಡುವೆ ಎದ್ದುನಿಂತ ಚನ್ನವ್ವನ ಮುಖ. "ನಾಳೆ ಹೇಳ್ತೀನಿ," ಎಂದು ಸೀಮೆಸುಣ್ಣ ಇಟ್ಟು, ಗಂಟೆ ಹೊಡೆಯುವ ಮೊದಲೇ ಕೋಣೆಯಿಂದ ಹೊರಗೆ ಬಂದಳು.

ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪು ತೆರೆಯುವಾಗ ಬೆರಳು ಎರಡು ಸಲ ಪಾಸ್‌ವರ್ಡು ತಪ್ಪಿಸಿತು. ತಪ್ಪಿರಲಿಕ್ಕಿಲ್ಲ, ಅಷ್ಟು ಸಣ್ಣದನ್ನು ನಾನು ಬಿಡುವವಳಲ್ಲ ಎಂದು ಒಳಗೊಂದು ದನಿ ಹೇಳುತ್ತಲೇ ಇತ್ತು. ಹಿಂದೆ ತಾನೇ ಪೈಥಾನಿಗೆ ತಂದಿದ್ದ ಪ್ರೋಗ್ರಾಮೊಂದನ್ನು ತೆರೆದು ಕಡೆಯ ಸಾಲಿಗೆ ಬಂದಾಗ ಆ ದನಿ ಸುಮ್ಮನಾಯಿತು. ಒಂದು. ಹಳೆಯ ಪುಟದಲ್ಲಿದ್ದ ಒಂದು ಹೊಸ ಪುಟಕ್ಕೂ ಹಾಗೆಯೇ ನಡೆದು ಬಂದು ಕೂತಿತ್ತು. ಆ ಹಳೆಯ ಪುಟ ಅಪ್ಪನದು. ಸಾಲೋಟಗಿ ದಾಟಿ ಕಾಲುವೆಯ ಮೇಲಿರುವ ಹಳ್ಳಿಯ ಹೈಸ್ಕೂಲಿನಲ್ಲಿ ಶ್ರೀನಿವಾಸರಾಯರು ಗಣಿತದ ಮಾಸ್ತರರಾಗಿದ್ದಾಗ, ಅಲ್ಲಿಯ ನೀರು ಬಳಕೆದಾರರ ಸಂಘಕ್ಕೆಂದು ಬರೆದುಕೊಟ್ಟದ್ದು. ಕಾಲುವೆಗೆ ಏಳು ತೂಬು, ಒಮ್ಮೆಗೆ ಮೂರು ತೆರೆದರೆ ಮಾತ್ರ ನೀರಿಗೆ ರಭಸ. ದಿನವೂ ಯಾವ ಮೂರು ಎನ್ನುವುದೇ ಜಗಳ. ದೊಡ್ಡ ಹೊಲದವನ ಜೊತೆ ಯಾವಾಗಲೂ ಪಾಳಿ ಬಿದ್ದವನಿಗೆ ಯಾವಾಗಲೂ ಕಡಿಮೆ. ಎಲ್ಲರೂ ಎಲ್ಲರ ಜೋಡಿ ಬರಬೇಕು, ಆಗ ಯಾರ ಕೆಡುಕೂ ಒಬ್ಬರ ಮೇಲೇ ಬೀಳೂದಿಲ್ಲ ಎಂದು ಅಪ್ಪ ಲೆಕ್ಕ ಹಾಕಿದ್ದರು. ಇಷ್ಟು ವರ್ಷ ಅದು ನಡೆದಿತ್ತು. ದೀಪಾವಳಿಯ ನಂತರ ಸಂಘದ ಹಳೆಯ ಕಂಪ್ಯೂಟರು ಕೆಟ್ಟು, ಕಾರ್ಯದರ್ಶಿ ಗುರುಲಿಂಗಪ್ಪ ಇಂಡಿಯ ಮನೆಗೆ ಬಂದು, ಮಾಸ್ತರ ಲೆಕ್ಕ ಮೊಬೈಲಿನಾಗ ಬರೂ ಹಂಗ ಮಾಡಿಕೊಡ್ರಿ ತಂಗಿ ಎಂದಾಗ ಅಪ್ಪನ ಕಣ್ಣಲ್ಲಿ ಎಂಥ ಬೆಳಕು! ಕುರ್ಚಿಯನ್ನು ಎಳೆದುಕೊಂಡು ಅವಳ ಮಗ್ಗುಲಲ್ಲಿ ಕೂತರು. ನಡುಗುವ ಬೆರಳಿನಿಂದ ಪರದೆಯನ್ನು ಮುಟ್ಟಿ ಮುಟ್ಟಿ, ಇಲ್ಲಿ ನೋಡು, ಇದು ತನ್ನನ್ನ ತಾನ ಕರೀತದ ಎಂದು ಅವಳಿಗೇ ಪಾಠ ಹೇಳತೊಡಗಿದರು. ಪರದೆಯ ಮೇಲೆ ಬೆರಳಚ್ಚು ಮೂಡುತ್ತಿತ್ತು. "ಅಪ್ಪಾ, ನಾ ಇದನ್ನ ದಿನಾ ಕಲಸ್ತೀನಿ. ನೀವು ಹೋಗಿ ಚಹಾ ಕುಡೀರಿ," ಎಂದಿದ್ದಳು. ದನಿ ಅಷ್ಟೇನೂ ಗಡುಸಾಗಿರಲಿಲ್ಲ. ಆದರೆ ಅವರು ಕುರ್ಚಿಯನ್ನು ಎಳೆಯದೆ, ಎತ್ತಿ, ಸದ್ದಾಗದಂತೆ ಹಿಂದಕ್ಕೆ ಇಟ್ಟರು. ಸಂಜೆ ಬಾಗಿಲಲ್ಲಿ ನಿಂತು ಕೇಳಿದರು: "ಎಣಿಸಿ ನೋಡಿದೇನು? ಮೂವತ್ತೈದು ಗುಂಪು ಬರಬೇಕು." ಬಂದಾವ, ಎಂದಳು ಮುಕ್ತಾ. ಎಣಿಸಿರಲಿಲ್ಲ. ಈಗ ಎಣಿಸಿದಳು. ಇಪ್ಪತ್ತು.

ಚಹಾ ತಂದವನು ಲೋಟ ಇಟ್ಟು ಹೋದ. ಇನ್ನೊಂದು ಮೇಜಿನಲ್ಲಿ ಕನ್ನಡದ ಮೇಷ್ಟರು ಪೇಪರು ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದರು. ಯಾರಿಗೂ ಏನೂ ಆಗಿಲ್ಲ ಎನ್ನುವುದು ವಿಚಿತ್ರವಾಗಿತ್ತು. ಒಂದನೇ ತೂಬು ಚನ್ನವ್ವನದು. ಕಾಲುವೆ ಶುರುವಾಗುವ ಬುಡದಲ್ಲೇ ಅವಳ ನಿಂಬೆಯ ತೋಟ. ಗಂಡ ತೀರಿದ ಮೇಲೆ ಅವಳೇ ನಡೆಸುವ ತೋಟ. ಚಳಿಗಾಲವಿಡೀ ಅವಳಿಗೆ ಒಂದು ಪಾಳಿಯೂ ಬಂದಿರಲಿಲ್ಲ. ಅವಳು ಕೇಳಿರಲಿಲ್ಲವೆಂದಲ್ಲ. ಬುಡದಾಗ ಕುಂತೀ, ನಿನ್ನ ತೂಬು ಹಂಗೂ ಸೋರತೈತಿ, ನಿನಗ್ಯಾಕ ಅವಸರ ಎಂದು ಕೆಳಗಿನವರು ನಕ್ಕಿದ್ದರು. ಕಡೆಗೊಂದು ದಿನ, ಹಾಡಹಗಲಲ್ಲಿ, ಸೀರೆ ಕಚ್ಚೆ ಹಾಕಿ ಕಾಲುವೆಗೆ ಇಳಿದು ತನ್ನ ತೂಬಿನ ಗೇಟನ್ನು ತಾನೇ ಎತ್ತಿದ್ದಳು. ಮರುವಾರವೇ ಸಂಘದ ವಾರ್ಷಿಕ ಸಭೆ. ಮುಕ್ತಾಳನ್ನು ಕರೆಸಿದ್ದರು, ವೇದಿಕೆಯ ಮೇಲೆ ಕೂರಿಸಿದ್ದರು, ಶಾಲು ಹೊದಿಸಿದ್ದರು. ಇಷ್ಟು ವರ್ಷಗಳ ನೌಕರಿಯಲ್ಲಿ ಅವಳಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಜೂನಿನಲ್ಲಿ ಬರುವವಳನ್ನು, ಮಾರ್ಚಿನಲ್ಲಿ ಹೋಗುವವಳನ್ನು ಯಾವ ಕಾಲೇಜು ನೆನಪಿಡುತ್ತದೆ? ಬಾಗೇವಾಡಿಯಲ್ಲಿ ಬೀಳ್ಕೊಡುಗೆಯ ಫೋಟೋ ತೆಗೆಯುವಾಗ, ಮ್ಯಾಡಂ ನೀವು ಸ್ವಲ್ಪ ಸರೀರಿ, ಪರ್ಮನೆಂಟ್ ಸ್ಟಾಫ್ ಮಾತ್ರ ಎಂದಿದ್ದರು. ಇಲ್ಲಿ ಅವಳು ನಡುವಿನ ಕುರ್ಚಿಯಲ್ಲಿದ್ದಳು. ಆ ಶಾಲಿನ ಬಿಸಿ ಇನ್ನೂ ಹೆಗಲ ಮೇಲಿರುವಾಗಲೇ ಚನ್ನವ್ವನನ್ನು ಎದ್ದು ನಿಲ್ಲಿಸಿದರು. ನೀರು ಕದ್ದಿದ್ದು ಹೌದಲ್ಲ? ಹೌದು, ಎಂದಳು ಅವಳು, ನನ್ನ ತೂಬನ್ನ ನಾ ಎತ್ತೇನಿ. ನನ್ನ ನಂಬರ ಬರವಲ್ದು, ಅದರಾಗ ಏನೋ ತಪ್ಪೈತಿ, ನೋಡ್ರಿ. ಗುರುಲಿಂಗಪ್ಪ ವೇದಿಕೆಯ ಕಡೆ ತಿರುಗಿ, "ಏನ್ರಿ ಮ್ಯಾಡಂ, ತಪ್ಪು ಇರಬಹುದೇನು?" ಎಂದ. ಆ ಪ್ರಶ್ನೆಯಲ್ಲಿ ಸಂಶಯವಿರಲಿಲ್ಲ, ಗೌರವವಿತ್ತು. ಆ ಗೌರವಕ್ಕೆ ಅವಳು ಉತ್ತರ ಕೊಟ್ಟಳು. ಮೈಕನ್ನು ಹತ್ತಿರ ಎಳೆದುಕೊಂಡು, ನಗುತ್ತ: "ಲೆಕ್ಕಕ್ಕ ಯಾರ ಮಾರಿನೂ ಗೊತ್ತಿರೂದಿಲ್ರಿ. ಅದು ಯಾರಿಗೂ ಅನ್ಯಾಯ ಮಾಡೂದಿಲ್ಲ. ಪಾಳಿ ಬಂದ ಬರ್ತದ, ತಾಳ್ಮಿ ಬೇಕು." ಚಪ್ಪಾಳೆ. ಚನ್ನವ್ವನ ಗೇಟು ಎತ್ತುವ ಚಕ್ರವನ್ನೇ ಬಿಚ್ಚಿ ಸಂಘದ ಕೋಣೆಯಲ್ಲಿ ಇಡುವುದೆಂದು ಠರಾವಾಯಿತು. ಗೇಟು ನೋಡಿಕೊಳ್ಳುವ ಮಲಿಕಸಾಬ ತಲೆ ಬಗ್ಗಿಸಿ ಹೂಂ ಅಂದ. ಚನ್ನವ್ವ ಯಾರನ್ನೂ ಬೈಯಲಿಲ್ಲ. ಮುಕ್ತಾಳನ್ನೇ ನೋಡುತ್ತಿದ್ದಳು. ಆಗ ಅದು ಹಟಮಾರಿ ಹೆಂಗಸಿನ ನೋಟವಾಗಿ ಕಂಡಿತ್ತು.

ಒಂದನ್ನು ಅಳಿಸಿ ಸೊನ್ನೆ ಒತ್ತಿದಳು. ಒಂದೇ ಅಕ್ಷರ. ಉಳಿಸಿದಳು. ಮತ್ತೆ ಎಣಿಸಿದಳು, ಮೂವತ್ತೈದು. ಸಂಘದವರ ಮೊಬೈಲಿಗೂ ಅದೇ ಹೋಯಿತು. ಅಷ್ಟೇ, ಮುಗಿಯಿತು. ಇವತ್ತಿನಿಂದ ಚನ್ನವ್ವನ ನಂಬರು ಬರುತ್ತದೆ, ತೋಟಕ್ಕೆ ನೀರು ಹೋಗುತ್ತದೆ, ತಾಳಿದ್ದಕ್ಕೆ ಬಂತು ನೋಡು ಎಂದು ಜನ ಹೇಳುತ್ತಾರೆ, ಅವಳೂ ಹಾಗೇ ಅಂದುಕೊಂಡಾಳು. ಯಾರಿಗೆ ಏನು ಗೊತ್ತಾಗಬೇಕಾಗಿದೆ? ಗೊತ್ತಾದರೆ ಯಾರಿಗೆ ಏನು ಬಂತು? ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಪಡುವಷ್ಟು ತಾನಿನ್ನೂ ಒಳ್ಳೆಯವಳೇ ಎನ್ನಿಸಿ ಮತ್ತೆ ಹಗುರಾಯಿತು. ಕನ್ನಡದ ಮೇಷ್ಟರು ಏನೋ ಕೇಳಿದರು, ಅವಳು ಬೇಕಾದ್ದಕ್ಕಿಂತ ಜೋರಾಗಿ ನಕ್ಕಳು. ಮುಂದಿನ ತರಗತಿಗೆ ಹೊರಟು ಮೆಟ್ಟಿಲಲ್ಲಿರುವಾಗ ಫೋನು ಅದುರಿತು. ಗುರುಲಿಂಗಪ್ಪ.

"ಮ್ಯಾಡಂ, ಇದೇನ್ರಿ ಇದು? ಮುಂಜಾನಿ ಮೂರು, ಐದು, ಏಳು ಇತ್ತು. ಈಗ ನೋಡಿದ್ರ ಒಂದು, ಎರಡು, ಮೂರು ತೋರಸಾಕತ್ತೈತಿ. ಐದನೇ ತೂಬಿನ ಕಲ್ಮೇಶ ಅರ್ಧಾ ಹೊಲಕ್ಕ ನೀರ ಬಿಟ್ಟಾನ, ಅವನ ನಂಬರ ಹೋಗಿಬಿಟ್ಟೈತಿ. ಇಲ್ಲಿ ಕಾಲುವಿ ಮ್ಯಾಲೆ ನಿಂತು ಒದರಾಕತ್ತಾನ."

"ಅದು... ಒಂಚೂರು ರಿಪೇರಿ ಇತ್ತು. ಈಗ ಸರಿ ಆಗ್ಯದ."

"ಹಂಗಾದ್ರ ಆ ಚನ್ನವ್ವ ನಿಮ್ಮ ಮನಿಗೆ ಬಂದಿದ್ದು ಖರೇನ?"

"ಯಾರು?"

"ಕಲ್ಮೇಶ ಅದನ್ನ ಹೇಳಾಕತ್ತಾನ್ರಿ. ಆಕಿ ಒಂದ ಬುಟ್ಟಿ ನಿಂಬಿಹಣ್ಣು ಹೊತಗೊಂಡು ಹೋಗಿ ಮ್ಯಾಡಮ್ಮರ ಕಾಲ ಹಿಡಿದಾಳ, ಅದಕ್ಕ ಒಮ್ಮಿಂದೊಮ್ಮೆಲೆ ನಂಬರ ಬಂತು ಅಂತ. ಮಂದಿನೂ ಹೌದ ಅನ್ನಾಕತ್ತಾರ. ಮತ್ತ ಸಭಾ ಕರೀರಿ, ಆಕೀನ ಸಂಘದಿಂದ ತಗೀರಿ ಅಂತಾರ. ನಾ ಏನ್ ಹೇಳ್ಲಿ?"

ಮೆಟ್ಟಿಲ ಮೇಲೆ ಹುಡುಗಿಯರು ಅವಳನ್ನು ಎರಡೂ ಮಗ್ಗುಲಿಂದ ದಾಟಿ ಹೋಗುತ್ತಿದ್ದರು. "ನಾ ಬರ್ತೀನಿ," ಎಂದಳು. ಹೇಳಿದ ಮೇಲೆ ಹೇಳಿದೆನೆಂದು ತಿಳಿಯಿತು.

ಮೊದಲು ಮನೆಗೆ ಹೋದಳು. ಯಾಕೆ ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ಊಟದ ಹೊತ್ತು ಎಂದು ಸಮಜಾಯಿಷಿ ಹೇಳಿಕೊಂಡಳು. ಅಪ್ಪ ಊಟ ಮುಗಿಸಿ, ಪಡಸಾಲೆಯ ಮಂಚದ ಮೇಲೆ ಕೂತು, ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಅದರ ನಡುಕ ನಿಲ್ಲಿಸುತ್ತಿದ್ದರು. ಯಾರೂ ಇಲ್ಲದಾಗ ಅವರು ಹಾಗೆ ಮಾಡುತ್ತಾರೆ, ಅವಳು ಬಂದೊಡನೆ ಬಿಟ್ಟುಬಿಡುತ್ತಾರೆ. ಬಿಟ್ಟರು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು, ವರದಿ ಒಪ್ಪಿಸುವವಳಂತೆ. ಎಣಿಸಿರಲಿಲ್ಲ ಎನ್ನುವಲ್ಲಿ ದನಿ ತಗ್ಗಿತು. ಅವರು ಬೈದರೆ ಒಳ್ಳೆಯದಿತ್ತು. ಸಣ್ಣವಳಿದ್ದಾಗ ಲೆಕ್ಕ ತಪ್ಪಿದರೆ ಸ್ಲೇಟನ್ನು ಕಿತ್ತುಕೊಂಡು ಒರೆಸಿ ಮತ್ತೆ ಅವಳ ತೊಡೆಯ ಮೇಲೆ ಇಡುತ್ತಿದ್ದರು, ಮಾತಿಲ್ಲ. ಆ ಒರೆಸಿದ ಸ್ಲೇಟಿನ ಒದ್ದೆ ತೊಡೆಗೆ ತಾಗುತ್ತಿತ್ತು. ಈಗ ಅಪ್ಪ ಕಿಟಕಿಯ ಕಡೆ ನೋಡಿದರು.

"ಚನ್ನವ್ವ ಅಂದ್ರ ಆ ಶಿವಪ್ಪನ ಹೇಣ್ತಿ. ಆಕಿ ಮಗ ನನ್ನ ಕಡೆ ಕಲಿತಾನ," ಎಂದರು. ಆಮೇಲೆ, "ಮುಕ್ತಾ, ಒಂದು ಕೆಲಸ ಮಾಡು. ಮುದುಕನ ಲೆಕ್ಕದಾಗ ತಪ್ಪಿತ್ತು ಅಂತ ಹೇಳು. ನಾ ಸುಧಾರಿಸೀನಿ ಅಂತ ಹೇಳು. ನಂದೇನದ ಇನ್ನ? ನೀ ಇನ್ನೂ ನಾಕು ಊರಾಗ ಕಲಸಾಕಿ. ಇಂಥಾ ಮಾತು ಕಾಲೇಜಿನ ತನಕಾ ಬರ್ತದ."

"ನಿಮ್ಮದು ಸರಿ ಇತ್ತಲ್ಲಪ್ಪಾ."

"ಸರಿ ಇತ್ತು ಅಂತ ನಿನಗ ಗೊತ್ತದ, ನನಗ ಗೊತ್ತದ. ಸಾಕಲ್ಲ."

ಅವಳು ಇಲ್ಲ ಎನ್ನಲಿಲ್ಲ. ಅಡುಗೆಮನೆಗೆ ಹೋಗಿ, ನೀರು ಕುಡಿದು, ಮುಚ್ಚಿಟ್ಟ ತಾಟು ತೆರೆದು ನೋಡಿ ಮತ್ತೆ ಮುಚ್ಚಿ, ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಅಪ್ಪ ಹಿಂದಿನಿಂದ, ಮರಾಠಿಯಲ್ಲಿ, ಅವಳ ಅವ್ವ ಇದ್ದಾಗ ಮನೆಯಲ್ಲಿ ಆಡುತ್ತಿದ್ದ ದನಿಯಲ್ಲಿ, ಬಿಸಿಲಿದೆ, ತಲೆಗೆ ಸೆರಗು ಹಾಕಿಕೋ ಎಂದರು.

ಸಾಲೋಟಗಿಯ ಕಡೆಗಿನ ಟಂಟಂ ಆಟೋದಲ್ಲಿ ಅವಳನ್ನು ಮುಂದಿನ ಸೀಟಿಗೆ, ಡ್ರೈವರನ ಮಗ್ಗುಲಿಗೆ ತುರುಕಿದರು. ದಾರಿಯ ಎರಡೂ ಕಡೆ ಕಬ್ಬು, ತೊಗರಿ ಕಿತ್ತ ಬೋಳು ಹೊಲ, ಮತ್ತೆ ಕಬ್ಬು. ಮುದುಕನ ಲೆಕ್ಕದಾಗ ತಪ್ಪಿತ್ತು. ವಾಕ್ಯ ಬಾಯಿಯಲ್ಲಿ ಆಡಿಸಿ ನೋಡಿದಳು, ಸಲೀಸಾಗಿ ಬರುತ್ತಿತ್ತು. ಸುಳ್ಳು ಕೂಡ ಅಲ್ಲ ಎನ್ನುವಂತಿತ್ತು. ಅವರು ಸೊನ್ನೆಯಿಂದ ಶುರುಮಾಡಿ ಬರೆದಿದ್ದರೆ ಇದೆಲ್ಲ ಆಗುತ್ತಿರಲಿಲ್ಲವಲ್ಲ. ಈ ಮಾತು ಅವರು ತಾವಾಗಿ ಕೊಟ್ಟದ್ದು, ತಾನು ಕೇಳಿದ್ದಲ್ಲ. ಕೊಡುವಾಗ ಅವರು ತನ್ನ ಮುಖ ನೋಡಲಿಲ್ಲ ಏಕೆ? ತಾನು ತೆಗೆದುಕೊಳ್ಳುತ್ತೇನೆ ಎಂದು ಗೊತ್ತಿದ್ದರಿಂದ. ಸಿಂದಗಿಯಲ್ಲಿ ಒಮ್ಮೆ ಪರೀಕ್ಷೆಯ ಅಂಕ ತಪ್ಪಾಗಿ ಕೂಡಿದ್ದು ಅವಳಲ್ಲ, ವಿಭಾಗದ ಮುಖ್ಯಸ್ಥ. ಪ್ರಿನ್ಸಿಪಾಲರ ಮುಂದೆ ಅವನು ಸುಮ್ಮನೆ ಅವಳ ಕಡೆ ನೋಡಿದ್ದ. ಅತಿಥಿಗಳ ಮೇಲೆ ಹಾಕುವುದು ಸುಲಭ. ಆ ವಾರವೆಲ್ಲ ಅವನ ನುಣುಪಾದ ಕೆನ್ನೆ ಅವಳ ಕಣ್ಣ ಮುಂದೆ ತೇಲುತ್ತಿತ್ತು. ಈಗ ಟಂಟಂನ ಕನ್ನಡಿಯಲ್ಲಿ ತನ್ನ ಕೆನ್ನೆಯ ಚೂರೊಂದು ಅಲುಗುತ್ತಿರುವುದನ್ನು ನೋಡಿ ಮುಖ ತಿರುಗಿಸಿಕೊಂಡಳು.

ಸಂಘದ ಕೋಣೆಯಲ್ಲಿ ಗುರುಲಿಂಗಪ್ಪ ಒಬ್ಬನೇ ಇದ್ದ. ಎದ್ದು ಕುರ್ಚಿಯನ್ನು ತನ್ನ ಟವೆಲಿನಿಂದ ಒರೆಸಿದ. ಗೋಡೆಯ ಮೂಲೆಯಲ್ಲಿ ಬಿಚ್ಚಿಟ್ಟ ಚಕ್ರ ಒರಗಿತ್ತು. ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡದು, ಗ್ರೀಸಿಗೆ ಧೂಳು ಅಂಟಿಕೊಂಡಿತ್ತು. ಅವಳು ಕೂರದೆ ಹೇಳಿದಳು: ಒಂದನೇ ತೂಬು ಪಟ್ಟಿಯಲ್ಲಿ ಇರಲೇ ಇಲ್ಲ. ಚನ್ನವ್ವ ಹೇಳಿದ್ದು ಖರೆ. ಗುರುಲಿಂಗಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಬಾಗಿಲ ಕಡೆ ನೋಡಿದ, ಯಾರಾದರೂ ಇದ್ದಾರೆಯೇ ಎಂದು.

"ಇರ್ಲಿ ಬಿಡ್ರಿ. ಮಾಸ್ತರ ಲೆಕ್ಕ ಭಾಳ ಹಳೇದು. ವಯಸ್ಸಾದವರು, ಆಗೂದ," ಎಂದ.

ಹೊರಗೆ ಯಾವುದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಅವಳು ಬಾಯಿ ತೆರೆಯಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ. ಅವನೇ ಹೇಳಿ ಮುಗಿಸಿದ್ದ. ರೊಟ್ಟಿಯ ಸದ್ದು ನಿಂತಿತು, ಮತ್ತೆ ಶುರುವಾಯಿತು. ಅಷ್ಟು ಹೊತ್ತು ತಾನು ಸುಮ್ಮನಿದ್ದೆ ಎನ್ನುವುದು ಮುಂದೆ ಎಂದೂ ಅಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅಪ್ಪ ಎತ್ತಿ ಸದ್ದಾಗದಂತೆ ಹಿಂದಕ್ಕೆ ಇಟ್ಟ ಕುರ್ಚಿಯ ನೆನಪು ಬಂತು.

"ಇಲ್ರಿ," ಎಂದಳು. "ಅಪ್ಪನ ಲೆಕ್ಕ ಸರಿ ಇತ್ತು. ಇಷ್ಟು ವರ್ಷ ಸರಿ ನಡೀತಲ್ಲ? ಒಂದು ಭಾಷಾದಿಂದ ಇನ್ನೊಂದು ಭಾಷಾಕ್ಕ ತರೋವಾಗ ನಾ ತಪ್ಪು ಮಾಡೀನಿ. ಅವರು ಎಣಿಸಿ ನೋಡು ಅಂದಿದ್ರು, ನಾ ನೋಡ್ಲಿಲ್ಲ."

ಗುರುಲಿಂಗಪ್ಪನ ಮುಖ ಸಣ್ಣದಾಯಿತು. "ನಿಮಗ ಶಾಲು ಹೊದಿಸಿದಾಂವ ನಾನ," ಎಂದ, ತನಗೇ ಎನ್ನುವಂತೆ. ಆಮೇಲೆ ದನಿ ತಗ್ಗಿಸಿ, "ಈಗ ಇದನ್ನ ಬಯಲಿಗೆ ಹಾಕಬ್ಯಾಡ್ರಿ. ಆಕಿಗೆ ಠರಾವು ಮಾಡಿ ಚಕ್ರಾ ಬಿಚ್ಚಿಸೇವಿ. ಸಂಘದ ಮರ್ಯಾದಿ ಹೋಗ್ತೈತಿ. ಸುಮ್ಮ ಆಕಿಗೆ ನಾಕು ಪಾಳಿ ಜಾಸ್ತಿ ಬರೂ ಹಂಗ ಒಳಗಿಂದೊಳಗ ಮಾಡಿಬಿಡ್ರಿ. ಯಾರಿಗಿ ತಿಳೀತೈತಿ? ಬೇಕಂದ್ರ ಆಕಿಗೆ ಒಬ್ಬಾಕಿಗೇ ಹೇಳಿ ಬರ್ರಿ."

ಒಬ್ಬಾಕಿಗೇ ಹೇಳಿ ಬರುವುದು. ಅದು ಸಾಧ್ಯವಿದ್ದಂತೆ ಕಂಡಿತು. ನ್ಯಾಯವೂ ಆಯಿತು, ಮರ್ಯಾದೆಯೂ ಉಳಿಯಿತು. ಅವಳು ಕಾಲುವೆಯ ಏರಿಯ ಮೇಲೆ ನಡೆದಳು. ನೀರು ಅವಳ ಎಡಕ್ಕೆ, ಕಂದು ಬಣ್ಣದ್ದು, ಅವಸರವಿಲ್ಲದ್ದು, ಅವಳ ಎದುರಾಗಿ ಹರಿದು ಬರುತ್ತಿತ್ತು. ಬಲಕ್ಕೆ ತಗ್ಗಿನಲ್ಲಿ ನಿಂಬೆಯ ಗಿಡಗಳು. ಇಷ್ಟು ಹತ್ತಿರ. ಕೈ ಚಾಚಿದರೆ ಈ ನೀರು ಆ ಗಿಡಕ್ಕೆ ಸಿಗುವಷ್ಟು. ಎಲೆಗಳು ಅಂಚಿನಿಂದ ಒಳಕ್ಕೆ ಸುತ್ತಿಕೊಂಡಿದ್ದವು. ಗಿಡದ ಬುಡದಲ್ಲಿ ಗೋಲಿಯಷ್ಟೇ ಆಗಿ ಉದುರಿದ ಕಾಯಿಗಳು ಕಪ್ಪಾಗಿ ಬಿದ್ದಿದ್ದವು. ಚನ್ನವ್ವ ಎರಡು ಕೊಡಗಳನ್ನು ಇಟ್ಟುಕೊಂಡು, ಚೊಂಬಿನಲ್ಲಿ ಎತ್ತಿ ಎತ್ತಿ, ಒಂದೊಂದು ಬುಡಕ್ಕೆ ಹಾಕುತ್ತಿದ್ದಳು, ಹಸುಗೂಸಿಗೆ ಹಾಲು ಕುಡಿಸುವವರ ಎಚ್ಚರದಲ್ಲಿ. ಮುಕ್ತಾ ಬಂದದ್ದನ್ನು ನೋಡಿದಳು, ಕೆಲಸ ನಿಲ್ಲಿಸಲಿಲ್ಲ.

"ಚನ್ನವ್ವಾ, ನಿಮ್ಮ ನಂಬರ ಬಂದಿಲ್ಲ ಅಂದಿದ್ರಿ. ಅದು ಖರೇನ ಬಂದಿರಲಿಲ್ಲ. ನಾ ಮಾಡಿದ್ದರಾಗ ತಪ್ಪಿತ್ತು," ಎಂದಳು ಮುಕ್ತಾ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಉಳಿದ ಮಾತುಗಳು ಎಲ್ಲಿ ಹೋದವೋ. "ನನ್ನದು ತಪ್ಪಾತು."

ಚೊಂಬು ಕೊಡದೊಳಗೆ ಇಳಿಯಿತು, ಮೇಲೆ ಬಂತು. "ನನಗ ಗೊತ್ತಿತ್ತಲ್ಲ," ಎಂದಳು ಚನ್ನವ್ವ.

"ಇನ್ನ ಮುಂದ ಬರ್ತದ. ಹಿಂದಿನದನ್ನೂ ಕೂಡಿಸಿ..."

"ಈ ಸಾಲಿನ ಗಿಡ ಸತ್ತಾವ," ಎಂದು ಚನ್ನವ್ವ ಬೇಲಿಯ ಕಡೆಯ ಗಿಡಗಳನ್ನು ತೋರಿಸಿದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಅವಕ್ಕೇನೂ ನಾ ಅಳೂದಿಲ್ಲ. ಬ್ಯಾರೇ ಹಚ್ತೇನಿ. ಒಂದ ಮಾತ ಕೇಳ್ತೇನಿ, ಹೇಳ್ರಿ. ಲೆಕ್ಕಕ್ಕ ಯಾರ ಮಾರಿನೂ ಗೊತ್ತಿಲ್ಲಂತ ಅಷ್ಟ ಮಂದಿ ಮುಂದ ಮೈಕಿನಾಗ ಅಂದ್ರಿ. ಇದನ್ನ ನನ್ನ ತ್ವಾಟದಾಗ, ಯಾರೂ ಇಲ್ಲದಾಗ, ನನ್ನ ಕಿವ್ಯಾಗ ಹೇಳಾಕ ಯಾಕ ಬಂದೀರಿ?"

ಮುಕ್ತಾ ಬಗ್ಗಿ, ಬುಡದಲ್ಲಿ ಬಿದ್ದಿದ್ದ ಕಪ್ಪು ಕಾಯೊಂದನ್ನು ಎತ್ತಿಕೊಂಡಳು.

"ನೀರ ಕದ್ದಾಕಿ ಅಂತ ನನ್ನ ಸ್ವಸಿ ತವರ ಮನಿ ತನಕಾ ಮಾತ ಮುಟ್ಟೈತಿ. ಇವತ್ತ ನಿಂಬಿಹಣ್ಣ ಕೊಟ್ಟಾಕಿ ಆಗೇನಿ. ಹಣ್ಣ ಎಲ್ಲ್ಯದಾವ, ನೀವ ನೋಡ್ರಿ," ಎಂದು ಅವಳು ಬರಿದಾದ ಕೊಡವನ್ನು ಮಗುಚಿ ಕೆಳಗಿಟ್ಟಳು. "ಅಲ್ಲಿ ಅದಾರ ಎಲ್ಲಾರೂ. ತೂಬಿನ ಮ್ಯಾಲೆ."

ಅಲ್ಲಿದ್ದರು. ತೋಟದ ತಲೆಗೇ ಒಂದನೇ ತೂಬು. ಅದರ ಕಟ್ಟೆಯ ಮೇಲೂ ಏರಿಯ ಮೇಲೂ ಜನ ಕೂಡಿದ್ದರು. ಕಲ್ಮೇಶನ ದನಿ ದೂರದಿಂದಲೇ ಕೇಳುತ್ತಿತ್ತು. ಮಲಿಕಸಾಬ ತಲೆಗೆ ವಸ್ತ್ರ ಸುತ್ತಿ ಗೇಟಿಗೆ ಒರಗಿ ನಿಂತಿದ್ದ. ಗುರುಲಿಂಗಪ್ಪನೂ ಅಷ್ಟರಲ್ಲಿ ಮೋಟರ್‌ಸೈಕಲ್ಲಿನಲ್ಲಿ ಬಂದಿದ್ದ. ಅವಳನ್ನು ಕಂಡೊಡನೆ ಬೇಡ ಎನ್ನುವಂತೆ ಅಂಗೈ ಅಲ್ಲಾಡಿಸಿದ. ಮುಕ್ತಾ ಏರಿ ಹತ್ತಿ ಅವರ ಮುಂದೆ ನಿಂತಳು. ದಿನವೂ ಅರವತ್ತು ಹುಡುಗಿಯರ ಮುಂದೆ ಮಾತಾಡುವವಳು. ಇಲ್ಲಿ ಮೊದಲ ಶಬ್ದವೇ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

"ಚನ್ನವ್ವ ನನ್ನ ಮನಿಗೆ ಬಂದಿಲ್ಲ. ನಾನ ಅವರ ತೋಟಕ್ಕ ಬಂದೀನಿ. ಮಾಸ್ತರ ಲೆಕ್ಕದಾಗ ಏಳೂ ತೂಬಿದ್ವು. ನಾ ಅದನ್ನ ಮೊಬೈಲಿಗೆ ತರೋವಾಗ ಒಂದನೇ ತೂಬು ಬಿಟ್ಟುಹೋತು. ಎಷ್ಟು ತಿಂಗಳಾದ್ರೂ ಆಕಿ ಪಾಳಿ ಬರ್ತಿರಲಿಲ್ಲ. ಸಭಾದಾಗ ಆಕಿ ಹೇಳಿದ್ದು ಖರೆ, ನಾ ಹೇಳಿದ್ದು ಸುಳ್ಳು. ಆಕಿ ನೀರು ಕದ್ದಿಲ್ಲ. ಆಕಿ ನೀರು ನೀವೆಲ್ಲಾರೂ ತಗೊಂಡೀರಿ, ನಿಮಗ ಗೊತ್ತಿಲ್ಲದ. ನನ್ನಿಂದ."

ಯಾರೋ ನಕ್ಕರು. ನಗು ನಿಂತ ಮೇಲೆ ಕಾಲುವೆಯ ಸದ್ದು ಕೇಳಿತು. "ಅಂದ್ರ ಈಗ ನಮ್ಮ ಪಾಳಿ ಕಡದು ಆಕಿಗೆ ಕೊಡೂದೇನು?" ಎಂದ ಕಲ್ಮೇಶ. "ಕಂಪ್ಯೂಟರ ತಪ್ಪ ಮಾಡಿದ್ರ ನಮಗೇನು ಸಂಬಂಧ?" ಕಂಪ್ಯೂಟರಲ್ಲ, ನಾನು, ಎಂದಳು ಮುಕ್ತಾ. ಅದು ಅವನಿಗೆ ಬೇಕಾಗಿರಲಿಲ್ಲ. ಒಬ್ಬ ಮುದುಕ, ಅನ್ಯಾಯ ಆತಲೋ, ಹೆಣ್ಣಮಗಳಿಗೆ ಎಂದ. ಇನ್ನೊಬ್ಬ, ಸಾಲಿ ಕಲಿತವರು ಹಿಂಗ ಮಾಡಿದ್ರ ಹೆಂಗ ಎಂದು ಅವಳ ಮುಖಕ್ಕೇ ಹೇಳಿದ. ಯಾವನೋ ಫೋನು ಎತ್ತಿ ಹಿಡಿದು ಅವಳ ವಿಡಿಯೋ ತೆಗೆಯುತ್ತಿದ್ದ. ಇಂಡಿಗೆ ತಾನು ಮುಟ್ಟುವ ಮೊದಲೇ ಅದು ಮುಟ್ಟುತ್ತದೆ ಎಂದುಕೊಂಡಳು. ಜೂನಿನಲ್ಲಿ ಯಾವ ಊರು, ಊರು ಸಿಗುತ್ತದೆಯೋ ಇಲ್ಲವೋ. ಭಯ ಬರಲೆಂದು ಕಾದಳು. ಬಂತು, ಆದರೆ ಬೆಳಗಿನಿಂದ ಎದೆಯಲ್ಲಿ ಓಡಾಡುತ್ತಿದ್ದ ಭಯವೇ ಬೇರೆ, ಇದೇ ಬೇರೆ. ಇದಕ್ಕೆ ಒಂದು ಆಕಾರವಿತ್ತು. ಜಗಳ ಅವಳನ್ನು ಬಿಟ್ಟು ತಮ್ಮತಮ್ಮಲ್ಲೇ ಹರಡಿಕೊಂಡಿತು. ಯಾರು ಎಷ್ಟು ಬಿಟ್ಟುಕೊಡಬೇಕು, ಮೊದಲು ಯಾರು, ಠರಾವು ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ. ಅವಳು ಅಲ್ಲಿದ್ದಾಳೆ ಎನ್ನುವುದನ್ನೂ ಮರೆತರು. ಗುರುಲಿಂಗಪ್ಪ ಸ್ವಲ್ಪ ಹೊತ್ತು ಕೇಳಿ, ಬೇಸತ್ತು, ಯಾರನ್ನೂ ನೋಡದೆ ಹೇಳಿದ: "ಮಲಿಕಸಾಬ, ಮೂರನೇದು ನಂದೈತಿ. ಅದನ್ನ ಮುಚ್ಚು. ಇವತ್ತ ಈಕಿದು ತಗಿ. ನಾಳಿಗೆ ಸಭಾದಾಗ ನೋಡೂಣು." ಮಲಿಕಸಾಬ, "ಚಕ್ರಾ?" ಎಂದ. "ನನ್ನ ಗಾಡಿ ತಗೊಂಡ ಹೋಗಿ ತಾ, ಮತ್ತೇನ!"

ಮುಕ್ತಾ ಏರಿಯಿಂದ ಕೆಳಗೆ ಇಳಿದಳು. ಚನ್ನವ್ವ ಇಷ್ಟೂ ಹೊತ್ತು ಮೇಲೆ ಬಂದಿರಲಿಲ್ಲ. ತೋಟದ ತಲೆಯಲ್ಲಿ ಸಲಿಕೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಿಸಿಲು ಹಳದಿಯಾಗಿ ಗಿಡಗಳ ಮೇಲೆ ಓರೆಯಾಗಿ ಬಿದ್ದಿತ್ತು. ಅವಳ ಹತ್ತಿರ ಹೋಗಿ ನಿಂತಳು, ಏನಾದರೂ ಅನ್ನುತ್ತಾಳೆಂದು. ಒಂದು ಬೈಗುಳವಾದರೂ ಸರಿ. ಬೈದರೆ ಅಳಬಹುದಿತ್ತು, ಅತ್ತರೆ ಮುಗಿಯುತ್ತಿತ್ತು. ಚನ್ನವ್ವ ಅವಳನ್ನು ನೋಡಲಿಲ್ಲ, ಅವಳಾಚೆ, ತೂಬಿನ ಬಾಯಿಯ ಕಡೆ ನೋಡುತ್ತಿದ್ದಳು. ಮೋಟರ್‌ಸೈಕಲ್ಲು ಹೋಗಿ ಬಂದ ಸದ್ದು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು, ಮಲಿಕಸಾಬನ ಮುಲುಕು, ಆಮೇಲೆ ಗಂಟಲು ಸರಿಪಡಿಸಿಕೊಂಡಂಥ ನೀರಿನ ಒಂದು ಗೊಗ್ಗರು ಸದ್ದು. ಏನು ಹೇಳಬೇಕು, ಇನ್ನೊಮ್ಮೆ ಕ್ಷಮೆ ಕೇಳಬೇಕೇ, ಹೊರಡಬೇಕೇ, ಅವಳಿಗೆ ತಿಳಿಯಲಿಲ್ಲ. ಕಾಲುಗಳು ಅಲ್ಲೇ ಊರಿದ್ದವು.

"ಮ್ಯಾಡಂ," ಎಂದಳು ಚನ್ನವ್ವ.

"ಹೇಳ್ರಿ."

"ಅಡ್ಡ ನಿಂತೀರಿ. ಅದು ತ್ವಾಟದ ಕಾಲುವಿ. ಸರೀರಿ ಅತ್ತಾಗ, ನೀರ ಬರಾಕತ್ತೈತಿ."

ಮುಕ್ತಾ ಕೆಳಗೆ ನೋಡಿದಳು. ಬಿರುಕು ಬಿಟ್ಟು ಧೂಳು ತುಂಬಿದ ಆ ತಗ್ಗನ್ನು ಅವಳು ದಾರಿಯೆಂದುಕೊಂಡಿದ್ದಳು. ಒಂದು ಹೆಜ್ಜೆ ಸರಿದು ಬದುವಿನ ಮೇಲೆ ನಿಂತಳು. ಸಲಿಕೆ ಎತ್ತಿಕೊಂಡು ಚನ್ನವ್ವ ಅವಳನ್ನು ದಾಟಿ ಮುಂದೆ ಹೋದಳು, ಮೊದಲ ಗಿಡದ ಪಾತಿಯ ಬಾಯಿ ಬೇಗನೆ ಬಿಡಿಸಲಿಕ್ಕೆ.